ದಕ್ಷಿಣ ಟಿರೋಲ್: ಗಡಿ ಕದಲದ ಸೀಮೆಯಲ್ಲಿ ಬೆಳೆದ ಪಕ್ಷ

ಇಟಲಿಯ ಉತ್ತರದ ತುದಿಯಲ್ಲಿ, ಆಸ್ಟ್ರಿಯಾಕ್ಕೆ ಅಂಟಿಕೊಂಡಂತೆ, ದಕ್ಷಿಣ ಟಿರೋಲ್ ಎಂಬ ಪರ್ವತ ಸೀಮೆಯೊಂದಿದೆ. ಜನಸಂಖ್ಯೆ ಐದು ಲಕ್ಷ ಚಿಲ್ಲರೆ. ದೇಶ ಇಟಲಿಯಾದರೂ ಅಲ್ಲಿನ ಬಹುಪಾಲು ಜನರ ಮನೆಮಾತು ಜರ್ಮನ್. 2011ರ ಜನಗಣತಿಯಲ್ಲಿ ಶೇ 69ಕ್ಕೂ ಹೆಚ್ಚು ಮಂದಿ ತಮ್ಮನ್ನು ಜರ್ಮನ್ ಭಾಷಿಕರೆಂದೂ ಶೇ 26ರಷ್ಟು ಮಂದಿ ಇಟಾಲಿಯನ್ ಭಾಷಿಕರೆಂದೂ ಬರೆಸಿದರು. ಉಳಿದ ಶೇ 4.5ರಷ್ಟು ಜನ ಲಾದಿನ್ ಎಂಬ ಪುಟ್ಟ ಹಳೆಯ ಭಾಷೆಯವರು. ಈ ಸೀಮೆಯಲ್ಲಿ 1945ರಲ್ಲಿ ಹುಟ್ಟಿದ ‘ಸ್ಯೂಡ್‌ಟಿರೋಲರ್ ಫೋಕ್ಸ್‌ಪಾರ್ಟಾಯ್’, ಅಂದರೆ ದಕ್ಷಿಣ ಟಿರೋಲ್ ಜನರ ಪಕ್ಷ, 1948ರಿಂದ ಇಂದಿನವರೆಗೂ ಪ್ರಾಂತ್ಯದ ಆಡಳಿತದ ಚುಕ್ಕಾಣಿ ಬಿಟ್ಟುಕೊಟ್ಟಿಲ್ಲ. ಜನ ಅದನ್ನು ಎಸ್‌ವಿಪಿ ಎಂದೇ ಕರೆಯುತ್ತಾರೆ. ಪ್ರಾದೇಶಿಕ ರಾಷ್ಟ್ರೀಯತೆಯ ಪಕ್ಷಗಳ ಬಗ್ಗೆ ಮಾತು ಬಂದಾಗಲೆಲ್ಲ, ಅವು ಭಾವೋದ್ರೇಕದಿಂದ ಬೆಳೆಯುತ್ತವೆ, ಪ್ರತ್ಯೇಕತೆಯ ಕನಸು ಮಾರಿ ಮತ ಪಡೆಯುತ್ತವೆ ಎಂಬ ವಿವರಣೆ ಸಲೀಸಾಗಿ ಬಂದುಬಿಡುತ್ತದೆ. ಎಸ್‌ವಿಪಿಯ ಚರಿತ್ರೆ ಆ ವಿವರಣೆಗೆ ಒಗ್ಗುವುದಿಲ್ಲ. ಗಡಿ ಕದಲುವುದಿಲ್ಲ ಎಂಬ ಕಹಿಸತ್ಯವನ್ನು ಒಪ್ಪಿಕೊಂಡ ಮೇಲೆಯೇ ಅದು ನಿಜವಾಗಿ ಬಲಗೊಂಡಿತು. ಶಾಲೆ, ನೌಕರಿ, ಮನೆ, ಕೋರ್ಟಿನ ಭಾಷೆ ಇವನ್ನು ಒಂದೊಂದಾಗಿ ಕಾನೂನಿನಲ್ಲಿ ಬರೆಸಿಕೊಳ್ಳುವ ಹಟವೇ ಅದನ್ನು ಬೆಳೆಸಿತು ಎಂಬುದು ನನ್ನ ವಾದ.

ಈ ವಿವಾದದ ಬೇರು ಮೊದಲ ಮಹಾಯುದ್ಧದಲ್ಲಿದೆ. 1915ರಲ್ಲಿ ಲಂಡನ್ನಿನಲ್ಲಿ ನಡೆದ ಗುಪ್ತ ಒಪ್ಪಂದವೊಂದರಲ್ಲಿ, ಯುದ್ಧಕ್ಕೆ ತಮ್ಮ ಪರ ಇಳಿದರೆ ಬ್ರೆನರ್ ಘಾಟಿಯವರೆಗಿನ ನೆಲ ಕೊಡುತ್ತೇವೆಂದು ಮಿತ್ರರಾಷ್ಟ್ರಗಳು ಇಟಲಿಗೆ ಮಾತು ಕೊಟ್ಟವು. ಯುದ್ಧ ಮುಗಿದು ಆಸ್ಟ್ರಿಯಾ–ಹಂಗೇರಿ ಸಾಮ್ರಾಜ್ಯ ಚೂರಾದಾಗ, 1919ರ ಸೇಂಟ್ ಜರ್ಮೈನ್ ಒಪ್ಪಂದ ಆ ಮಾತನ್ನು ನಡೆಸಿಕೊಟ್ಟಿತು. ಮರುವರ್ಷ ಸೀಮೆ ವಿಧ್ಯುಕ್ತವಾಗಿ ಇಟಲಿಗೆ ಸೇರಿತು. ಅಮೆರಿಕದ ಅಧ್ಯಕ್ಷ ವುಡ್ರೊ ವಿಲ್ಸನ್ ಇಟಲಿಯ ಗಡಿಯನ್ನು ಜನರ ರಾಷ್ಟ್ರೀಯತೆಯ ಗೆರೆಗಳಿಗೆ ತಕ್ಕಂತೆ ಗುರುತಿಸಬೇಕೆಂದು ಸಾರಿದ್ದ ಕಾಲವದು. ಆದರೆ 1910ರ ಜನಗಣತಿಯಲ್ಲಿ ಇಲ್ಲಿ ಇಟಾಲಿಯನ್ ಭಾಷಿಕರಿದ್ದದ್ದು ಶೇ 3ರಷ್ಟು ಮಾತ್ರ. ಪರ್ವತದ ನೆತ್ತಿಯೇ ದೇಶಕ್ಕೆ ರಕ್ಷಣೆಯ ಗೋಡೆಯೆಂಬ ಸೇನೆಯ ಲೆಕ್ಕಾಚಾರದ ಮುಂದೆ ಅಲ್ಲಿ ವಾಸವಿದ್ದವರ ಇಷ್ಟಾನಿಷ್ಟ ಲೆಕ್ಕಕ್ಕೆ ಬರಲಿಲ್ಲ.

ಮುಸೊಲಿನಿಯ ಫ್ಯಾಸಿಸ್ಟ್ ಸರ್ಕಾರ ಬಂದ ಮೇಲೆ ಆದದ್ದು ಕೇವಲ ಆಡಳಿತ ಬದಲಾವಣೆಯಾಗಿರಲಿಲ್ಲ. ಎತ್ತೊರೆ ತೊಲೊಮೆಯಿ ಎಂಬ ರಾಷ್ಟ್ರವಾದಿ ವಿದ್ವಾಂಸ 1923ರ ಜುಲೈಯಲ್ಲಿ ಬೋಲ್ಜಾನೊ ಪಟ್ಟಣದಲ್ಲಿ ಸೀಮೆಯನ್ನು ಪೂರ್ತಿ ಇಟಾಲಿಯನ್ ಮಾಡುವ 32 ಅಂಶಗಳ ಯೋಜನೆ ಪ್ರಕಟಿಸಿದ. ಊರು, ಹೊಳೆ, ಬೆಟ್ಟಗಳಿಗೆ ಆತ ಮೊದಲೇ ಸಿದ್ಧಪಡಿಸಿಟ್ಟಿದ್ದ ಸಾವಿರಾರು ಇಟಾಲಿಯನ್ ಹೆಸರುಗಳು ಅಧಿಕೃತವಾದವು. ಕಚೇರಿಗಳಿಂದ ಜರ್ಮನ್ ಹೊರಬಿತ್ತು. ಜರ್ಮನ್ ಮಾಧ್ಯಮದ ಶಾಲೆಗಳು ಒಂದೊಂದೇ ತರಗತಿಯಾಗಿ ಮುಚ್ಚಿದವು. ಮಕ್ಕಳಿಗೆ ಅವರ ತಾಯ್ನುಡಿಯಲ್ಲಿ ಓದುಬರಹ ಕಲಿಸುವುದು ಅಪರಾಧವಾಯಿತು. ಮೈಕೆಲ್ ಗಾಂಪರ್ ಎಂಬ ಪಾದ್ರಿಯ ಪ್ರೇರಣೆಯಿಂದ ಹಳ್ಳಿಯ ಮನೆಗಳಲ್ಲಿ ರಹಸ್ಯ ಪಾಠಗಳು ಶುರುವಾದವು. ಪಾಠ ಹೇಳುತ್ತಿದ್ದವರಲ್ಲಿ ಹೆಚ್ಚಿನವರು ಹರೆಯದ ಹೆಣ್ಣುಮಕ್ಕಳು, ಸಿಕ್ಕಿಬಿದ್ದವರು ದಂಡ, ಜೈಲು, ಗಡೀಪಾರು ಎಲ್ಲವನ್ನೂ ಕಂಡರು. ಇತ್ತ 1930ರ ದಶಕದಲ್ಲಿ ಬೋಲ್ಜಾನೊದ ತೋಟಗಳನ್ನು ಕಡಿದು ಕೈಗಾರಿಕಾ ವಲಯ ಎಬ್ಬಿಸಿ, ಇಟಲಿಯ ಬೇರೆ ಪ್ರಾಂತ್ಯಗಳಿಂದ ಇಟಾಲಿಯನ್ ಕಾರ್ಮಿಕರನ್ನು ಕರೆತಂದರು. ಆ ಕಾರ್ಮಿಕರೂ ಬಡವರೇ, ಹೊಟ್ಟೆಪಾಡಿಗೆ ಬಂದವರೇ ಎಂಬುದನ್ನು ಇಲ್ಲಿ ಹೇಳಲೇಬೇಕು. ಅವರ ಬಡತನವನ್ನು ಸರ್ಕಾರ ಭಾಷಾ ಸಮತೋಲ ಬದಲಿಸುವ ಸಾಧನವಾಗಿ ಬಳಸಿಕೊಂಡಿತು.

ಇಷ್ಟೆಲ್ಲ ಆದ ಮೇಲೆ ಬಂದ ಪೆಟ್ಟು ಇನ್ನೂ ದೊಡ್ಡದು, ಅದು ಬಂದದ್ದು ಜರ್ಮನ್ ರಾಷ್ಟ್ರೀಯತೆಯ ಹೆಸರಿನಲ್ಲೇ. ಜರ್ಮನರನ್ನೆಲ್ಲ ಒಂದುಗೂಡಿಸುತ್ತೇನೆಂದ ಹಿಟ್ಲರ್, ಮುಸೊಲಿನಿಯ ಸ್ನೇಹಕ್ಕಾಗಿ ದಕ್ಷಿಣ ಟಿರೋಲನ್ನು ಕೈಬಿಟ್ಟ. 1939ರಲ್ಲಿ ಇಬ್ಬರೂ ಮಾಡಿಕೊಂಡ ಏರ್ಪಾಡಿನಂತೆ ಜನ ವರ್ಷಾಂತ್ಯದೊಳಗೆ ಆರಿಸಿಕೊಳ್ಳಬೇಕಿತ್ತು: ಮನೆಮಾರು ಬಿಟ್ಟು ಜರ್ಮನಿಗೆ ಹೋಗುವುದು, ಇಲ್ಲವೇ ಇಟಲಿಯಲ್ಲೇ ಉಳಿದು ತಮ್ಮ ಭಾಷೆಗೆ ಯಾವ ರಕ್ಷಣೆಯೂ ಇಲ್ಲದೆ ಬದುಕುವುದು. ಉಳಿದವರನ್ನು ಸಿಸಿಲಿಗೆ ಸಾಗಿಸುತ್ತಾರೆಂಬ ವದಂತಿ ಹಬ್ಬಿತು. ಶೇ 80ಕ್ಕೂ ಹೆಚ್ಚು ಮಂದಿ ಹೊರಡುತ್ತೇವೆಂದು ಬರೆದುಕೊಟ್ಟರು. ಯುದ್ಧ ಅಡ್ಡ ಬಂದದ್ದರಿಂದ ನಿಜಕ್ಕೂ ಹೋದವರು ಸುಮಾರು 75 ಸಾವಿರ. ಹೋಗುವವರು ಉಳಿಯುವವರನ್ನು ದ್ರೋಹಿಗಳೆಂದರು, ಉಳಿಯುವವರು ಹೋಗುವವರನ್ನು ನೆಲ ಮಾರಿಕೊಂಡವರೆಂದರು. ಒಂದೇ ಮನೆಯ ಅಣ್ಣತಮ್ಮಂದಿರ ನಡುವೆ ಮಾತು ನಿಂತಿತು. ಎಸ್‌ವಿಪಿಯ ಮುಂದಿನ ನಡೆಗಳೆಲ್ಲ ಈ ಒಡಕಿನ ನೆನಪಿನಿಂದ ಹುಟ್ಟಿದವು ಎಂದೇ ನಾನು ಓದುತ್ತೇನೆ. ನಾವು ಮತ್ತೆ ಒಡೆಯಬಾರದು ಎಂಬುದು ಅದರ ಮೊದಲ ಪಾಠ. ಹೊರಗಿನ ಬಲಾಢ್ಯರೊಬ್ಬರು ಬಂದು ನಮ್ಮನ್ನು ಉದ್ಧರಿಸುವುದಿಲ್ಲ ಎಂಬುದು ಎರಡನೆಯದು.

ಯುರೋಪಿನಲ್ಲಿ ಯುದ್ಧ ಮುಗಿದ ದಿನವೇ, 1945ರ ಮೇ 8ರಂದು, ಬೋಲ್ಜಾನೊದಲ್ಲಿ ಪಕ್ಷ ಸ್ಥಾಪನೆಯಾಯಿತು. ಮೊದಲ ಅಧ್ಯಕ್ಷ ವ್ಯಾಪಾರಿ ಎರಿಕ್ ಅಮ್ಮೊನ್. ಸ್ಥಾಪಕರಲ್ಲಿ ಮುಂಚೂಣಿಯಲ್ಲಿದ್ದವರು 1939ರಲ್ಲಿ ಊರು ಬಿಡಲೊಪ್ಪದವರು. ಅವರಲ್ಲೊಬ್ಬ ಫ್ರೀಡ್ಲ್ ಫೋಲ್ಗರ್ ನಾಜಿಗಳ ದಾಖಾವ್ ಶಿಬಿರದಲ್ಲಿ ಸೆರೆಯಿದ್ದು ಬಂದವನು. ನಾಜಿಗಳ ಕಳಂಕವಿಲ್ಲದ ಇಂಥ ಮುಖಂಡರಿದ್ದದ್ದರಿಂದ ಮಿತ್ರಪಡೆಗಳ ಮುಂದೆ ಪಕ್ಷದ ಮಾತಿಗೆ ಬೆಲೆ ಸಿಕ್ಕಿತು. ಆದರೆ ಜರ್ಮನಿಯನ್ನು ಆರಿಸಿಕೊಂಡಿದ್ದ ಬಹುಸಂಖ್ಯಾತರಿಗೂ ಪಕ್ಷ ಬಾಗಿಲು ತೆರೆಯಿತು. ಅವರಲ್ಲಿ ನಾಜಿಗಳ ಜೊತೆ ಉತ್ಸಾಹದಿಂದ ನಿಂತವರೂ ಇದ್ದರು. ಆ ಲೆಕ್ಕವನ್ನು ಬಹಿರಂಗವಾಗಿ ಇತ್ಯರ್ಥ ಮಾಡುವ ಕೆಲಸ ದಶಕಗಳ ಕಾಲ ನಡೆಯಲಿಲ್ಲ. ಪಕ್ಷದ ಚರಿತ್ರೆಯಲ್ಲಿ ಇದು ಹಗುರವಾದ ಲೋಪವಲ್ಲ.

ಮೊದಲ ಬೇಡಿಕೆ ಆಸ್ಟ್ರಿಯಾಕ್ಕೆ ಮರಳುವುದೇ ಆಗಿತ್ತು. 1946ರ ಏಪ್ರಿಲ್‌ನಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಸಹಿಗಳ ಮನವಿಯನ್ನು ಆಸ್ಟ್ರಿಯಾದ ಚಾನ್ಸಲರ್ ಲಿಯೊಪೋಲ್ಡ್ ಫಿಗ್ಲ್ ಅವರಿಗೆ ಇನ್ಸ್‌ಬ್ರುಕ್‌ನಲ್ಲಿ ಒಪ್ಪಿಸಿದರು. ಮಿತ್ರರಾಷ್ಟ್ರಗಳು ಕಿವಿಗೊಡಲಿಲ್ಲ. ಅದರ ಬದಲು ಅದೇ ವರ್ಷದ ಸೆಪ್ಟೆಂಬರ್ 5ರಂದು ಪ್ಯಾರಿಸ್‌ನಲ್ಲಿ ಇಟಲಿಯ ಪ್ರಧಾನಿ ಅಲ್ಚೀದೆ ದೆ ಗಾಸ್ಪೆರಿ ಮತ್ತು ಆಸ್ಟ್ರಿಯಾದ ವಿದೇಶಾಂಗ ಸಚಿವ ಕಾರ್ಲ್ ಗ್ರೂಬರ್ ಒಂದು ಚಿಕ್ಕ ಒಪ್ಪಂದಕ್ಕೆ ಸಹಿ ಹಾಕಿದರು. ತಾಯ್ನುಡಿಯ ಶಾಲೆ, ಕಚೇರಿಯಲ್ಲಿ ಎರಡೂ ಭಾಷೆ, ಸರ್ಕಾರಿ ನೌಕರಿಯಲ್ಲಿ ನ್ಯಾಯವಾದ ಪಾಲು, ಸ್ಥಳೀಯ ಸ್ವಾಯತ್ತತೆ ಎಲ್ಲವೂ ಅದರಲ್ಲಿದ್ದವು. ಗಡಿ ಮಾತ್ರ ಇದ್ದಲ್ಲೇ ಇತ್ತು. ಅಂದು ಅನೇಕರಿಗೆ ಅದು ಸೋಲಿನ ಪತ್ರವಾಗಿ ಕಂಡಿತು. ಆದರೆ ಆ ಹಾಳೆಯನ್ನೇ ಹಿಡಿದು ಮುಂದಿನ ಇಪ್ಪತ್ತೈದು ವರ್ಷ ರೋಮ್ ಸರ್ಕಾರವನ್ನು ಕೇಳಲು ಸಾಧ್ಯವಾಯಿತು.

ಕೇಳುವ ಪ್ರಮೇಯ ಬಂದದ್ದು ಇಟಲಿ ಅದನ್ನು ಜಾರಿಗೆ ತಂದ ಬಗೆಯಿಂದ. 1948ರ ಸ್ವಾಯತ್ತತಾ ಶಾಸನ ದಕ್ಷಿಣ ಟಿರೋಲನ್ನು ನೆರೆಯ ಟ್ರೆಂಟೊ ಪ್ರಾಂತ್ಯದ ಜೊತೆ ಸೇರಿಸಿ ಒಂದೇ ಪ್ರದೇಶ ಮಾಡಿತು. ಟ್ರೆಂಟೊದಲ್ಲಿರುವವರು ಇಟಾಲಿಯನ್ ಭಾಷಿಕರು. ಹೀಗಾಗಿ ಮುಖ್ಯ ಅಧಿಕಾರಗಳಿದ್ದ ಪ್ರದೇಶ ಸಭೆಯಲ್ಲಿ ಜರ್ಮನ್ ಭಾಷಿಕರು ಶಾಶ್ವತ ಅಲ್ಪಸಂಖ್ಯಾತರಾದರು. ತಮ್ಮ ಪ್ರಾಂತ್ಯದಲ್ಲಿ ಶೇ 67ರಷ್ಟು ಮತ ಪಡೆದ ಪಕ್ಷಕ್ಕೆ ತನ್ನೂರಿನ ವಸತಿ, ಉದ್ಯೋಗದ ಮೇಲೆ ಹಿಡಿತವಿರಲಿಲ್ಲ. ಪಕ್ಷದ ಮೊದಲ ತಲೆಮಾರಿನ ಸಂಭಾವಿತ ಮುಖಂಡರು ಈ ಏರ್ಪಾಡಿಗೆ ಒಪ್ಪಿಗೆ ಸೂಚಿಸುವ ಪತ್ರವನ್ನೂ ರೋಮ್‌ಗೆ ಬರೆದುಕೊಟ್ಟಿದ್ದರು. 1953ರಲ್ಲಿ ಪಾದ್ರಿ ಗಾಂಪರ್ ‘ಡೊಲೊಮಿಟೆನ್’ ಪತ್ರಿಕೆಯಲ್ಲಿ, ವಲಸೆಯ ವೇಗ ಹೀಗೇ ಇದ್ದರೆ ಇದು ನಮ್ಮ ಜನರ ಸಾವಿನ ನಡಿಗೆ ಎಂಬರ್ಥದ ಎಚ್ಚರಿಕೆ ಬರೆದರು. ಆ ಮಾತಿನಲ್ಲಿ ಅತಿಶಯವಿತ್ತು, ಆದರೆ ಭಯ ಆಧಾರವಿಲ್ಲದ್ದಲ್ಲ: 1910ರಲ್ಲಿ ಶೇ 3ರಷ್ಟಿದ್ದ ಇಟಾಲಿಯನ್ ಭಾಷಿಕರು 1961ರ ಹೊತ್ತಿಗೆ ಶೇ 34ಕ್ಕೆ ಏರಿದ್ದರು. ಸರ್ಕಾರಿ ಹುದ್ದೆ, ಸರ್ಕಾರಿ ಮನೆಗಳಲ್ಲಿ ಬಹುಪಾಲು ಅವರದೇ. 1957ರಲ್ಲಿ ಬೋಲ್ಜಾನೊದಲ್ಲಿ ಸಾವಿರಾರು ಹೊಸ ಮನೆಗಳನ್ನು ಕಟ್ಟಿಸುವುದಾಗಿ ರೋಮ್ ಪ್ರಕಟಿಸಿದಾಗ, ಯಾರಿಗಾಗಿ ಈ ಮನೆಗಳು ಎಂದು ಯಾರೂ ಕೇಳಬೇಕಾಗಿರಲಿಲ್ಲ.

ಆ ವರ್ಷವೇ ಪಕ್ಷದ ನಾಯಕತ್ವ ಸಿಲ್ವಿಯಸ್ ಮಾಗ್ನಾಗೊ ಕೈಗೆ ಬಂತು. ಯುದ್ಧದಲ್ಲಿ ಒಂದು ಕಾಲು ಕಳೆದುಕೊಂಡ, ಊರುಗೋಲು ಹಿಡಿದು ನಡೆಯುತ್ತಿದ್ದ ವಕೀಲ. 1957ರ ನವೆಂಬರ್ 17ರಂದು ಬೋಲ್ಜಾನೊ ಬಳಿಯ ಸಿಗ್ಮಂಡ್ಸ್‌ಕ್ರೋನ್ ಕೋಟೆಯಲ್ಲಿ ಸುಮಾರು 35 ಸಾವಿರ ಜನ ಸೇರಿದರು. ಇಡೀ ಸೀಮೆಯ ಜನಸಂಖ್ಯೆ ನೆನೆದರೆ ಅದು ಅಗಾಧವಾದ ಸಂಖ್ಯೆ. ನೆರೆದವರಲ್ಲಿ ಅನೇಕರು ಕೇಳಬಯಸಿದ್ದು ‘ರೋಮ್‌ನಿಂದ ದೂರ’ ಎಂಬ ಘೋಷಣೆ. ಮಾಗ್ನಾಗೊ ಕೊಟ್ಟದ್ದು ‘ಟ್ರೆಂಟೊದಿಂದ ದೂರ’. ಸಭೆ ಶಾಂತವಾಗಿ ಮುಗಿಯುತ್ತದೆಂದು ಅಧಿಕಾರಿಗಳಿಗೆ ಮಾತು ಕೊಟ್ಟಿದ್ದೇನೆ, ಅದನ್ನು ಉಳಿಸಿಕೊಳ್ಳಬೇಕೆಂದು ಆತ ಜನರನ್ನು ಕೇಳಿಕೊಂಡ. ಪಟ್ಟಣಕ್ಕೆ ಮೆರವಣಿಗೆ ಹೊರಡಲು ಕಾತರರಾಗಿದ್ದವರೂ ಮನೆಗೆ ತೆರಳಿದರು. ಇಡೀ ಕಥೆಯ ತಿರುವು ಇಲ್ಲಿದೆ. ಸಿಟ್ಟಿಗೆದ್ದ ಜನಸಮೂಹದ ಮುಂದೆ ನಿಂತ ನಾಯಕನಿಗೆ ದೊಡ್ಡ ಮಾತು ಸುಲಭ, ಚಿಕ್ಕ ಮಾತು ಕಷ್ಟ. ಗಡಿ ಬದಲಿಸುವ ಬೇಡಿಕೆಯನ್ನು ರೋಮ್ ದೇಶದ್ರೋಹವೆಂದು ತಳ್ಳಿಹಾಕಬಹುದಿತ್ತು. ನಮ್ಮ ಪ್ರಾಂತ್ಯಕ್ಕೆ ಬೇರೆ ಸ್ವಾಯತ್ತತೆ ಕೊಡಿ, ನೀವೇ ಸಹಿ ಹಾಕಿದ ಒಪ್ಪಂದವನ್ನು ಪಾಲಿಸಿ ಎಂಬ ಬೇಡಿಕೆಯನ್ನು ಹಾಗೆ ತಳ್ಳಲಾಗಲಿಲ್ಲ.

ಹೀಗೆಂದರೆ ಕೆಲವರು ಬಾಂಬುಗಳತ್ತ ಬೆರಳು ತೋರುತ್ತಾರೆ. 1961ರ ಜೂನ್ 11ರ ರಾತ್ರಿ ಸೆಪ್ ಕೆರ್ಶ್‌ಬೌಮರ್ ಎಂಬ ಅಂಗಡಿಕಾರನ ಸುತ್ತ ಕಟ್ಟಿಕೊಂಡಿದ್ದ ಗುಪ್ತ ಸಂಘಟನೆ ಬೋಲ್ಜಾನೊ ಸುತ್ತಲಿನ ಹತ್ತಾರು ವಿದ್ಯುತ್ ಕಂಬಗಳನ್ನು ಉರುಳಿಸಿತು. ಸಿಡಿಯದೆ ಉಳಿದಿದ್ದ ಬಾಂಬೊಂದಕ್ಕೆ ಮರುದಿನ ರಸ್ತೆ ಕೆಲಸದವನೊಬ್ಬ ಬಲಿಯಾದ. ಸೆರೆಸಿಕ್ಕವರನ್ನು ಪೊಲೀಸರು ಚಿತ್ರಹಿಂಸೆಗೆ ಒಳಪಡಿಸಿದ ದೂರುಗಳು ಸೀಮೆಯನ್ನೇ ಕಲಕಿದವು. ಆ ಸೆಪ್ಟೆಂಬರ್‌ನಲ್ಲಿ ಇಟಲಿ 19 ಜನರ ಆಯೋಗ ನೇಮಿಸಿ ಸ್ವಾಯತ್ತತೆಯ ಮರುಪರಿಶೀಲನೆಗೆ ಇಳಿಯಿತು. ಹಾಗಾದರೆ ಗೆದ್ದದ್ದು ಸ್ಫೋಟಕವೇ? ಕಾಲಕ್ರಮ ನೋಡಿದರೆ ಹಾಗೆ ಅನ್ನಿಸುವುದು ಸಹಜ. ಆದರೆ ಅದಕ್ಕೂ ಮೊದಲೇ, 1960ರಲ್ಲಿ, ಆಸ್ಟ್ರಿಯಾದ ವಿದೇಶಾಂಗ ಸಚಿವ ಬ್ರೂನೊ ಕ್ರೈಸ್ಕಿ ವಿಷಯವನ್ನು ವಿಶ್ವಸಂಸ್ಥೆಗೆ ಒಯ್ದಿದ್ದರು. ಪ್ಯಾರಿಸ್ ಒಪ್ಪಂದದ ಜಾರಿಯ ಬಗ್ಗೆ ಮಾತುಕತೆ ನಡೆಸಿ ಎಂದು ಮಹಾಸಭೆ ಎರಡೂ ದೇಶಗಳಿಗೆ ಹೇಳಿತ್ತು. ಬಾಂಬು ರೋಮ್‌ನಲ್ಲಿ ತುರ್ತು ಹುಟ್ಟಿಸಿರಬಹುದು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆಯೋಗದ ಮೇಜಿನ ಮೇಲೆ ಏನು ಇಡಬೇಕು, ಯಾವ ಅಧಿಕಾರ ಪ್ರಾಂತ್ಯಕ್ಕೆ ಬೇಕು ಎಂಬ ಕರಡು ಪಕ್ಷದ ಬಳಿ ಸಿದ್ಧವಿತ್ತು, ಕಂಬ ಉರುಳಿಸಿದವರ ಬಳಿ ಇರಲಿಲ್ಲ. ಮುಂದಿನ ವರ್ಷಗಳಲ್ಲಿ ಹಿಂಸೆ ಇನ್ನೂ ಕ್ರೂರವಾಗಿ ಇಟಲಿಯ ಸೈನಿಕರೂ ಪೊಲೀಸರೂ ಸತ್ತಾಗ ಒಪ್ಪಂದ ಹತ್ತಿರವಾಗಲಿಲ್ಲ, ಇನ್ನಷ್ಟು ದೂರ ಸರಿಯಿತು.

ಎಂಟು ವರ್ಷಗಳ ಚೌಕಾಸಿಯ ಕೊನೆಗೆ ಸಿದ್ಧವಾದ 137 ಅಂಶಗಳ ‘ಪ್ಯಾಕೇಜ್’ 1969ರ ನವೆಂಬರ್‌ನಲ್ಲಿ ಮೆರಾನೊ ಪಟ್ಟಣದ ಪಕ್ಷ ಸಮ್ಮೇಳನದ ಮುಂದೆ ಬಂತು. ತಡರಾತ್ರಿಯವರೆಗೆ ವಾದ ನಡೆದು ಕೊನೆಗೆ ಪರವಾಗಿ 583, ವಿರುದ್ಧವಾಗಿ 492 ಮತ ಬಿದ್ದವು. ಇಷ್ಟು ಕಡಿಮೆ ಅಂತರದ ಮೇಲೆ ಬೇರೆ ಕಡೆ ಪಕ್ಷಗಳು ಒಡೆದಿವೆ. ಇಲ್ಲಿ ಸೋತವರು ಪಕ್ಷ ಬಿಡಲಿಲ್ಲ. 1939ರ ನೆನಪು ಅವರನ್ನು ಹಿಡಿದಿಟ್ಟಿತು ಎಂದೇ ನನಗನ್ನಿಸುತ್ತದೆ. 1972ರಲ್ಲಿ ಎರಡನೆಯ ಸ್ವಾಯತ್ತತಾ ಶಾಸನ ಜಾರಿಗೆ ಬಂದು ಕೃಷಿ, ಪ್ರವಾಸೋದ್ಯಮ, ವಸತಿ ಮೊದಲಾದ ಅಧಿಕಾರಗಳು ಪ್ರದೇಶದಿಂದ ಪ್ರಾಂತ್ಯಕ್ಕೆ ಇಳಿದವು. ಅಂಚೆ, ರೈಲ್ವೆ ಸೇರಿದಂತೆ ಸರ್ಕಾರಿ ಹುದ್ದೆಗಳನ್ನು ಭಾಷಾ ಗುಂಪುಗಳ ಸಂಖ್ಯೆಗೆ ತಕ್ಕ ಪಾಲಿನಲ್ಲಿ ಹಂಚುವ ನಿಯಮ 1976ರಲ್ಲಿ ಬಂತು. ಸರ್ಕಾರಿ ಕೆಲಸ ಬೇಕೆನ್ನುವವರು ಜರ್ಮನ್, ಇಟಾಲಿಯನ್ ಎರಡೂ ಬರುತ್ತದೆಂಬ ಪರೀಕ್ಷೆ ಪಾಸಾಗಬೇಕಾಯಿತು. ಪ್ರಾಂತ್ಯದಲ್ಲಿ ಸಂಗ್ರಹವಾಗುವ ತೆರಿಗೆಯಲ್ಲಿ ಸುಮಾರು ಹತ್ತರಲ್ಲಿ ಒಂಬತ್ತು ಪಾಲು ಅಲ್ಲೇ ಉಳಿಯುವ ಏರ್ಪಾಡೂ ಕ್ರಮೇಣ ಗಟ್ಟಿಯಾಯಿತು. ಜಾರಿಯ ನಿಯಮಗಳನ್ನು ಬರೆಯಲು ಮತ್ತೆ ಎರಡು ದಶಕ ಹಿಡಿಯಿತು; 1992ರಲ್ಲಿ ಆಸ್ಟ್ರಿಯಾ ವಿವಾದ ಮುಗಿಯಿತೆಂದು ವಿಶ್ವಸಂಸ್ಥೆಗೆ ತಿಳಿಸಿತು.

ಈ ಅಧಿಕಾರಗಳು ಮತವಾಗಿ ತಿರುಗಿದ್ದು ಹೇಗೆಂಬುದನ್ನು ತಿಳಿಯಲು ಹಳ್ಳಿಗೆ ಹೋಗಬೇಕು. ಟಿರೋಲಿನಲ್ಲಿ ರೈತನ ಹಿಡುವಳಿಯನ್ನು ಚೂರು ಮಾಡದೆ ಒಬ್ಬನೇ ವಾರಸುದಾರನಿಗೆ ಕೊಡುವ ಹಳೆಯ ಪದ್ಧತಿಯಿತ್ತು. ಫ್ಯಾಸಿಸ್ಟ್ ಕಾಲದಲ್ಲಿ ಅದಕ್ಕಿದ್ದ ಕಾನೂನಿನ ಬಲ ಹೋಯಿತು. 1954ರಲ್ಲಿ ಪ್ರಾಂತ್ಯ ತನಗಿದ್ದ ಅಲ್ಪ ಅಧಿಕಾರ ಬಳಸಿ ಅದನ್ನು ಮತ್ತೆ ಶಾಸನವಾಗಿಸಿತು. ಬೆಟ್ಟದ ಓರೆಯ ಜಮೀನು ಬರಡಾಗದೆ ಉಳಿದದ್ದರಲ್ಲಿ ಇದರ ಪಾತ್ರ ದೊಡ್ಡದು. ರೈತ ಸಂಘ, ಚರ್ಚು, ‘ಡೊಲೊಮಿಟೆನ್’ ಪತ್ರಿಕೆ, ಊರಿನ ಬ್ಯಾಂಡ್ ತಂಡ ಎಲ್ಲದರೊಂದಿಗೂ ಪಕ್ಷ ಹೆಣೆದುಕೊಂಡಿತ್ತು. ಕಾರ್ಮಿಕರಿಗೂ ವ್ಯಾಪಾರಿಗಳಿಗೂ ಅದರೊಳಗೇ ಬೇರೆ ಬೇರೆ ಬಣಗಳಿದ್ದವು. ಎಡ, ಬಲ ಎಂಬ ಜಗಳ ಪಕ್ಷದ ಹೊರಗೆ ನಡೆಯುವ ಬದಲು ಒಳಗೇ ನಡೆಯುತ್ತಿತ್ತು.

ಸಂಪತ್ತಿದ್ದ ನಾಡಿಗೆ ಇದೆಲ್ಲ ಸಾಧ್ಯ ಎಂಬ ಆಕ್ಷೇಪಕ್ಕೆ ಉತ್ತರ ಚಿಕ್ಕದು. ಪಕ್ಷ ಬೆಳೆದಾಗ ಅದು ಬಡ ಬೆಟ್ಟದ ರೈತರ ಸೀಮೆ. ಇಂದಿನ ಸಿರಿತನ ಸ್ವಾಯತ್ತತೆಯ ನಂತರದ್ದು. ಇದಕ್ಕಿಂತ ಗಂಭೀರವಾದ ಆಕ್ಷೇಪ ಬೇರೆಯಿದೆ: ಬೆನ್ನಿಗೆ ಆಸ್ಟ್ರಿಯಾ ಇರದಿದ್ದರೆ ಮಾಗ್ನಾಗೊನ ತಾಳ್ಮೆಗೆ ಏನು ಬೆಲೆ? ಇದನ್ನು ಬಹುಮಟ್ಟಿಗೆ ಒಪ್ಪಬೇಕು. ಹೋಲಿಕೆಗೆ ಜೆಕೊಸ್ಲೊವಾಕಿಯಾದ ಸುಡೆಟನ್ ಸೀಮೆಯನ್ನು ನೋಡಿ. ಅಲ್ಲೂ 1918ರ ನಂತರ ಹೊಸ ದೇಶದೊಳಗೆ ಸಿಕ್ಕಿಕೊಂಡ ಜರ್ಮನ್ ಭಾಷಿಕರಿದ್ದರು. ಕೊನ್ರಾಡ್ ಹೆನ್ಲೈನ್ ಕಟ್ಟಿದ ಸುಡೆಟನ್ ಜರ್ಮನ್ ಪಕ್ಷ 1935ರ ಚುನಾವಣೆಯಲ್ಲಿ ಇಡೀ ದೇಶದಲ್ಲೇ ಅತಿ ಹೆಚ್ಚು ಮತ ಪಡೆಯಿತು. ಮೂರೇ ವರ್ಷದಲ್ಲಿ ಅದು ಹಿಟ್ಲರನ ಕೈಗೊಂಬೆಯಾಗಿ, ಮ್ಯೂನಿಕ್ ಒಪ್ಪಂದದ ಮೂಲಕ ಗಡಿಯನ್ನೇ ಬದಲಿಸಿತು. ಯುದ್ಧ ಮುಗಿದ ಮೇಲೆ ಅಲ್ಲಿನ ಜರ್ಮನ್ ಭಾಷಿಕರಲ್ಲಿ ಬಹುತೇಕ ಎಲ್ಲರನ್ನೂ ದೇಶದಿಂದ ಹೊರಹಾಕಲಾಯಿತು. ಬೆನ್ನಿಗೆ ನಿಂತವರು ಬಲಾಢ್ಯರಾದಷ್ಟೂ ಒಳ್ಳೆಯದೆಂದು ಇದರಿಂದ ಹೇಳಲಾಗದು. 1955ರವರೆಗೆ ತಾನೇ ವಿದೇಶಿ ಸೇನೆಗಳ ಹಿಡಿತದಲ್ಲಿದ್ದ ಆಸ್ಟ್ರಿಯಾಕ್ಕೆ ದಂಡೆತ್ತಿ ಹೋಗುವ ಶಕ್ತಿಯಿರಲಿಲ್ಲ. ಒಪ್ಪಂದದ ಸಾಲು ತೋರಿಸಿ ವಾದಿಸುವುದಷ್ಟೇ ಅದರ ಕೈಲಿತ್ತು. ಆ ಮಿತಿಯೇ ದಕ್ಷಿಣ ಟಿರೋಲನ್ನು ಕಾಯಿತು.

ನನ್ನನ್ನು ಹೆಚ್ಚು ಕಾಡುವ ಆಕ್ಷೇಪ ಮಕ್ಕಳ ಬಗೆಗಿನದು. ಜರ್ಮನ್ ಮಕ್ಕಳಿಗೆ ಜರ್ಮನ್ ಶಾಲೆ, ಇಟಾಲಿಯನ್ ಮಕ್ಕಳಿಗೆ ಇಟಾಲಿಯನ್ ಶಾಲೆ. ಹುದ್ದೆಯ ಹಂಚಿಕೆಗೆ ಪ್ರತಿಯೊಬ್ಬರೂ ತಾವು ಯಾವ ಗುಂಪಿನವರೆಂದು ಬರೆದುಕೊಡಬೇಕು. 1981ರ ಜನಗಣತಿಯಲ್ಲಿ ಇದು ಜಾರಿಯಾದಾಗ ಅಲೆಕ್ಸಾಂಡರ್ ಲಾಂಗರ್ ಎಂಬ ಹಸಿರು ರಾಜಕಾರಣಿ ಬರೆದುಕೊಡಲು ನಿರಾಕರಿಸಿದ. ಮನುಷ್ಯರನ್ನು ಜನಾಂಗದ ಪಂಜರಗಳಲ್ಲಿ ಕೂಡಿಹಾಕಬೇಡಿ ಎಂಬುದು ಆತನ ವಾದ. ಅದೇ ಕಾರಣಕ್ಕೆ 1995ರಲ್ಲಿ ಬೋಲ್ಜಾನೊ ಮೇಯರ್ ಸ್ಥಾನಕ್ಕೆ ಸ್ಪರ್ಧಿಸಲು ಆತನಿಗೆ ಅವಕಾಶ ಸಿಗಲಿಲ್ಲ. ಇತ್ತ ಹಂಚಿಕೆಯಿಂದ ತಮಗೆ ಅನ್ಯಾಯವಾಯಿತೆಂದುಕೊಂಡ ಇಟಾಲಿಯನ್ ಭಾಷಿಕರ ಅಸಮಾಧಾನದಿಂದ, 1985ರ ನಗರ ಚುನಾವಣೆಯಲ್ಲಿ ಫ್ಯಾಸಿಸ್ಟ್ ಪರಂಪರೆಯ ಎಂಎಸ್‌ಐ ಪಕ್ಷ ಬೋಲ್ಜಾನೊದ ಅತಿ ದೊಡ್ಡ ಪಕ್ಷವಾಯಿತು. ಒಂದು ಗುಂಪಿನ ಭಯ ನೀಗಿಸುವ ಕಾನೂನು ಇನ್ನೊಂದು ಗುಂಪಿನಲ್ಲಿ ಭಯ ಬಿತ್ತಿದ್ದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ. ಆದರೂ ಲಾಂಗರ್ ಕೇಳಿದ ಪ್ರಶ್ನೆಯನ್ನು 1955ರಲ್ಲಿ ಕೇಳಬಹುದಿತ್ತೇ? ತಾಯ್ನುಡಿಯ ಶಾಲೆಗಾಗಿ ಜೈಲಿಗೆ ಹೋದವರ ಮಕ್ಕಳಿಗೆ, ಶಾಲೆಯನ್ನು ಎರಡೂ ಭಾಷೆಯವರು ಹಂಚಿಕೊಳ್ಳೋಣ ಎಂಬ ಮಾತು ಮತ್ತೊಂದು ಕಬಳಿಕೆಯಂತೆಯೇ ಕೇಳಿಸುತ್ತಿತ್ತು. ಅಂದು ಆ ಗೋಡೆ ಬೇಕಿತ್ತು. ಇಂದಿಗೂ ಅಷ್ಟೇ ಎತ್ತರದ ಗೋಡೆ ಬೇಕೆಂದು ಹಟ ಹಿಡಿಯುವುದನ್ನು ನಾನು ಒಪ್ಪಲಾರೆ.

ಮತದಾರರ ಮನಸ್ಸೂ ಬದಲಾಗುತ್ತಿದೆ. 2003ರಲ್ಲಿ ಶೇ 55ರಷ್ಟು ಮತ ಪಡೆದಿದ್ದ ಎಸ್‌ವಿಪಿ 2008ರಲ್ಲಿ ಅರ್ಧಕ್ಕಿಂತ ಕೆಳಗಿಳಿಯಿತು, 2013ರಲ್ಲಿ 35 ಸ್ಥಾನಗಳ ಸಭೆಯಲ್ಲಿ ಬಹುಮತ ಕಳೆದುಕೊಂಡಿತು, 2023ರಲ್ಲಿ ಶೇ 34.5ರಷ್ಟು ಮತ ಮತ್ತು 13 ಸ್ಥಾನಕ್ಕೆ ಇಳಿಯಿತು. ಪ್ರತ್ಯೇಕತೆ ಬೇಕೆನ್ನುವ ‘ಸ್ಯೂಡ್‌ಟಿರೋಲರ್ ಫ್ರೈಹೈಟ್’ ಪಕ್ಷ ಆ ಚುನಾವಣೆಯಲ್ಲಿ ನಾಲ್ಕು ಸ್ಥಾನ ಗೆದ್ದಿತು. ಕಳೆದುಹೋದ ಮತಗಳೆಲ್ಲ ಅತ್ತ ಹೋಗಿಲ್ಲ, ಭಾಷೆಯ ಗೆರೆ ದಾಟಿ ಮತ ಕೇಳುವ ಪಕ್ಷಗಳಿಗೂ ಹಂಚಿಹೋಗಿವೆ. 2024ರ ಆರಂಭದಲ್ಲಿ ಪ್ರಾಂತ್ಯದ ಮುಖ್ಯಸ್ಥ ಆರ್ನೊ ಕೊಂಪಾಚರ್, ಆ ಹಳೆಯ ಎಂಎಸ್‌ಐ ಪರಂಪರೆಯಿಂದಲೇ ಬಂದ, ಜಾರ್ಜಿಯಾ ಮೆಲೋನಿ ನೇತೃತ್ವದ ‘ಫ್ರಾತೆಲ್ಲಿ ದಿತಾಲಿಯಾ’ ಜೊತೆ ಸೇರಿ ಸರ್ಕಾರ ರಚಿಸಿದರು. ಪಕ್ಷದೊಳಗೇ ಅನೇಕರಿಗೆ ಅದು ನುಂಗಲಾರದ ತುತ್ತಾಯಿತು. ಪ್ರಾಂತ್ಯದ ಸರ್ಕಾರದಲ್ಲಿ ಇಟಾಲಿಯನ್ ಭಾಷಿಕರ ಪ್ರಾತಿನಿಧ್ಯ ಇರಲೇಬೇಕೆಂದು ಸ್ವಾಯತ್ತತಾ ಶಾಸನವೇ ಹೇಳುತ್ತದೆ, ರೋಮ್‌ನಲ್ಲಿ ಅಧಿಕಾರವೂ ಮೆಲೋನಿ ಕೈಯಲ್ಲಿದೆ. ಅವರೊಡನೆ ಕೂತು ಸ್ವಾಯತ್ತತೆಯ ಅಧಿಕಾರಗಳನ್ನು ಗಟ್ಟಿ ಮಾಡಿಕೊಳ್ಳಬೇಕೆಂಬುದು ಕೊಂಪಾಚರ್ ಲೆಕ್ಕ. 1957ರ ಮಾಗ್ನಾಗೊ ಜಾಡೇ ಅದು. ಆದರೆ ಅಂದು ಕೋಟೆಯಲ್ಲಿ ನೆರೆದವರಿಗಿದ್ದ ಒಂದೇ ಭಯ ಇಂದಿನ ಮತದಾರರಿಗಿಲ್ಲ. ಪ್ರವಾಸಿಗರ ದಟ್ಟಣೆಯಿಂದ ಕೈಗೆಟುಕದಂತಾದ ಮನೆಬೆಲೆ ಅವರ ಚಿಂತೆ. ಅಪ್ಪ ಇಟಾಲಿಯನ್, ಅಮ್ಮ ಜರ್ಮನ್ ಆದ ಮನೆಯ ಮಗುವಿಗೆ ಯಾವ ಶಾಲೆ ಎಂಬುದು ಇನ್ನೊಂದು. ಮೂರೂ ಗುಂಪಿಗೆ ಸೇರದವರು ಜನಗಣತಿಯಲ್ಲಿ ‘ಇತರ’ ಎಂದು ಬರೆಸಬಹುದು, ಆದರೆ ಹುದ್ದೆಯಲ್ಲೋ ಸರ್ಕಾರಿ ಮನೆಯಲ್ಲೋ ಪಾಲು ಬೇಕಿದ್ದರೆ ಮೂರರಲ್ಲಿ ಒಂದು ಗುಂಪಿನ ಜೊತೆ ತಮ್ಮನ್ನು ಎಣಿಸಿಕೊಳ್ಳಿ ಎಂದು ಹೇಳಲೇಬೇಕು. ಹೊರದೇಶಗಳಿಂದ ಬಂದು ನೆಲೆಸಿದ ಕುಟುಂಬಗಳ ಮಕ್ಕಳು ಈಗ ಈ ಕಾಗದ ತುಂಬುವ ವಯಸ್ಸಿಗೆ ಬರುತ್ತಿದ್ದಾರೆ.